ಗುಡ್ಡದ ಓಣಿಯ ಮಗ್ಗದ ಕುಣಿ

“ಮನ್ಯಾಗ ಇರಬ್ಯಾಡ ಅನ್ನೂದಿಲ್ಲ. ಆದರ ಆ ಮಗ್ಗದ ಕುಣ್ಯಾಗ ಮಾತ್ರ ಕಾಲ ಇಳಿಬಿಡಬ್ಯಾಡ ತಮ್ಮಾ,” ಎಂದಳು ಹುಚ್ಚವ್ವ.

ಎದುರುಮನೆಯ ಮುದುಕಿ ಅವಳು. ಬಂಡಿ ನಿಂತ ಸದ್ದಿಗೆ ಹೊರಗೆ ಬಂದವಳು ತನ್ನ ಕಟ್ಟೆ ಬಿಟ್ಟು ಕೆಳಗಿಳಿಯಲಿಲ್ಲ. ಯಾರೋ ಕೇಳಿಸಿಕೊಂಡಾರೆಂಬಂತೆ ತಗ್ಗಿದ ದನಿಯಲ್ಲಿ ಅಲ್ಲಿಂದಲೇ ಹೇಳಿದಳು. ಮಗ್ಗದ ಮರವನ್ನು ಹೆಗಲ ಮೇಲೆ ಹೊತ್ತು ನಿಂತಿದ್ದ ಪ್ರಭುಲಿಂಗಪ್ಪ ನಕ್ಕ.

“ಕುಣ್ಯಾಗ ಕಾಲ ಬಿಡದ ನೇಯೂದು ಹ್ಯಾಂಗ ಯವ್ವಾ? ತಲಿ ಕೆಳಗ ಮಾಡಿ ಕುಂಡ್ರಲೇನು?”

ಬಂಡಿಯಿಂದ ಬೀಸುಕಲ್ಲು ಇಳಿಸುತ್ತಿದ್ದ ಕಳಕಪ್ಪನೂ ನಕ್ಕ. ಎತ್ತಿನ ಹಗ್ಗ ಹಿಡಿದಿದ್ದ ಮೆಹಬೂಬಸುಭಾನಿ ನಗಲಿಲ್ಲ.

“ಅಣ್ಣ ತಮ್ಮಗ ಮಾಟಾ ಮಾಡಿಸಿದ ಮನಿ ಅದು,” ಎಂದಳು ಮುದುಕಿ. “ತಮ್ಮ ಆ ಕುಣ್ಯಾಗ ಕುಂತಾಂವ ಕುಂತಂಗ ಹೋದ. ನಾ ಕಣ್ಣಾರೆ ಕಂಡೀನಿ.”

“ನಾನೂ ಕಣ್ಣಾರೆ ಕಂಡೀನಿ. ನರಗುಂದಕ್ಕ ಕುಂಪಣಿ ಪಲ್ಟನ್ ಬಂದಾಗ ಮಂದಿ ನಿಂತವರು ನಿಂತಂಗ ಬಿದ್ದರು. ಅದಕ್ಕ ಯಾವ ಮಂತ್ರಾನೂ ಬೇಕಾಗಿದ್ದಿಲ್ಲ ಯವ್ವಾ.”

ಹುಚ್ಚವ್ವ ತಲೆಯಲ್ಲಾಡಿಸುತ್ತ ಒಳಗೆ ಹೋದಳು. ನರಗುಂದದ ಬಂಡಾಯ ಮುಗಿದು ಇನ್ನೂ ವರ್ಷ ತುಂಬಿರಲಿಲ್ಲ. ಸುಟ್ಟ ಮನೆಯಲ್ಲಿ ತಮ್ಮ ಗುರುಸಂಗಪ್ಪನ ಹೆಣವನ್ನು ಬಿಟ್ಟು, ಹೆಂಡತಿ ನೀಲವ್ವನ ಕೈಹಿಡಿದು ರಾತ್ರೋರಾತ್ರಿ ಗಜೇಂದ್ರಗಡಕ್ಕೆ ಬಂದವನು ಪ್ರಭುಲಿಂಗಪ್ಪ. ಊರ ಕೆಳಪೇಟೆಯಲ್ಲಿ ತಾಯಿಯೊಡನೆ ಇದ್ದ ನೇಕಾರ ಕಳಕಪ್ಪ ಗುರುತಿಲ್ಲದ ಇವರನ್ನು ತನ್ನ ಪಡಸಾಲೆಯಲ್ಲಿ ಇರಿಸಿಕೊಂಡು ಅನ್ನ ಹಾಕಿದ್ದ. ಈಗ ಊರಿನ ಇನ್ನೊಂದು ತುದಿಯಲ್ಲಿ, ಗುಡ್ಡದ ಬುಡದ ಓಣಿಯಲ್ಲಿ, ಯಾರೂ ವಾಸವಿಲ್ಲದ ಈ ಮನೆ ಸಿಕ್ಕಿತ್ತು. ದೀಪ ಹಚ್ಚಿಕೊಂಡು ಇದ್ದರೆ ಸಾಕೆಂದು ಹೇಳಿ ಗೌಡರು ಬೀಗದ ಕೈ ಕೊಟ್ಟಿದ್ದರು. ಬೆಳಗಿನಿಂದ ಗೆಳೆಯರಿಬ್ಬರೂ ಸಾಮಾನು ಸಾಗಿಸುತ್ತಿದ್ದರು. ಬಂಡಿ ಮೆಹಬೂಬಸುಭಾನಿಯದು. ಹೆಗಲು, ಬಾಯಿ ಎರಡೂ ಕಳಕಪ್ಪನವು. ಪೇಟೆಯ ಉದ್ದಕ್ಕೂ ಅವನು ಕಂಡವರಿಗೆಲ್ಲ, “ನಮ್ಮ ಪ್ರಭು ಹೊಸಾ ಮನಿಗೆ ಹೊಂಟಾನ್ರಿ, ಹಾಲ ಉಕ್ಕಸ್ತಾನ, ಬರ್ರಿ” ಎಂದು ಕೂಗುತ್ತ ಬಂದಿದ್ದ.

ಬಾಗಿಲು ತೆಗೆದಾಗ ಒಳಗಿನ ಗಾಳಿ ಮುಖಕ್ಕೆ ಬಡಿಯಿತು. ಹಳಸಿದ ಗಂಜಿಯ ವಾಸನೆ, ಬಾವಲಿ ಹಿಕ್ಕೆಯ ವಾಸನೆ, ಅದರ ಅಡಿಯಲ್ಲಿ ಸುಟ್ಟ ಕೂದಲಿನಂಥ ಇನ್ನೊಂದು ವಾಸನೆ. ನಡುಮನೆಯ ಗೋಡೆಗೆ ತಾಗಿ ಮಗ್ಗದ ಕುಣಿ ಇತ್ತು. ನೇಕಾರ ಅಂಚಿನ ಮೇಲೆ ಕೂತು ಕಾಲು ಇಳಿಬಿಡುವಷ್ಟು ಆಳದ ತಗ್ಗು. ಹಗಲಿದ್ದರೂ ಅದರ ತಳ ಕಾಣುತ್ತಿರಲಿಲ್ಲ.

“ಮುದುಕಿ ಹೇಳಿದ್ದು ಖರೇ ಇದ್ದರ?” ಎಂದು ನೀಲವ್ವ ಸಣ್ಣ ದನಿಯಲ್ಲಿ ಕೇಳಿದಳು.

ಉತ್ತರವಾಗಿ ಪ್ರಭುಲಿಂಗಪ್ಪ ಧೋತರ ಮೇಲೆ ಕಟ್ಟಿ ಕುಣಿಗೆ ಧುಮುಕಿದ. ಕಾಲಡಿ ಏನೋ ‘ಚಟ್’ ಎಂದಿತು.

ಬಗ್ಗಿ ಎತ್ತಿದ. ಕರಿ ದಾರ ಸುತ್ತಿದ ಸಣ್ಣ ಮಣ್ಣಿನ ಕುಡಿಕೆ, ಒಡೆದಿತ್ತು. ಒಳಗೆ ಬೂದಿ, ಗಂಟುಹಾಕಿದ ಕೂದಲು, ಜಂಗು ಹಿಡಿದ ಸೂಜಿಗಳು.

“ಹೊರಗ ಬಾ ಮಾರಾಯಾ,” ಎಂದ ಮೆಹಬೂಬಸುಭಾನಿ. ಅವನ ತುಟಿ ಒಣಗಿತ್ತು. “ಅದನ್ನ ಮುಟ್ಟಬ್ಯಾಡ. ನಿನ್ನ ಕೈ ಮುಗೀತೀನಿ.”

“ಇದಕ್ಕ ಅಂಜಿ ಇಷ್ಟ ದೊಡ್ಡ ಮನಿ ಹಾಳ ಬಿಟ್ಟರಲ್ಲೋ!” ಎಂದು ಪ್ರಭುಲಿಂಗಪ್ಪ ಕುಡಿಕೆಯನ್ನು ಹಿತ್ತಲ ಗೋಡೆಯಾಚೆಯ ಹಳ್ಳಕ್ಕೆ ಎಸೆದ. ಅಂಗಾಲಿಗೆ ಮೆತ್ತಿದ ಬೂದಿಯನ್ನು ನೆಲಕ್ಕೆ ಒರೆಸಿದ. ನೀಲವ್ವ ಹಾಲು ಉಕ್ಕಿಸಿದಳು. ಕಳಕಪ್ಪ ಹುಗ್ಗಿ ಉಂಡು, ಮಗ್ಗ ಹೂಡಿಕೊಟ್ಟು, ಹೊತ್ತು ಮುಳುಗುವ ಮುಂಚೆ ಹಾಡು ಗುನುಗುತ್ತ ಕೆಳಪೇಟೆಗೆ ಹೋದ. ಮೆಹಬೂಬಸುಭಾನಿ ಅದಕ್ಕೂ ಮೊದಲೇ ಬಂಡಿ ಹೊಡೆದುಕೊಂಡು ಹೋಗಿದ್ದ.

ನೇಯತೊಡಗಿದ ಮೇಲೆ ಮೊದಲು ಪ್ರಭುಲಿಂಗಪ್ಪನ ಪಾದಗಳು ತಣ್ಣಗಾದವು. ಕುಣಿಯ ತಂಪಿಗೆ ಇರಬೇಕು ಎಂದುಕೊಂಡ. ಆಮೇಲೆ ಜೋಮು ಹಿಡಿದಂತಾಯಿತು. ಎದ್ದು ಓಡಾಡಿದರೂ ಜೋಮು ಬಿಡಲಿಲ್ಲ. ಆದರೆ ನಡಿಗೆ ನಿಲ್ಲಲಿಲ್ಲ, ಮಗ್ಗದ ಕಾಲ ಹಲಗೆ ತುಳಿಯುವುದೂ ತಪ್ಪಲಿಲ್ಲ. ಅಷ್ಟೇ ಅಲ್ಲ, ದಣಿವೆಂಬುದು ಹೋಗಿಬಿಟ್ಟಿತು. ಮುಂಜಾನೆ ಕೂತರೆ ಸಂಜೆಯವರೆಗೂ ಸೊಂಟ ನೋಯುತ್ತಿರಲಿಲ್ಲ. ಲಾಳಿ ಅತ್ತಿಂದಿತ್ತ ಓಡುತ್ತಿತ್ತು. ಸೀರೆಯ ಮೇಲೆ ಸೀರೆ ಇಳಿಯುತ್ತಿತ್ತು. ದಿನಾಲು ನೋಡಲು ಬರುತ್ತಿದ್ದ ಕಳಕಪ್ಪ ಬಟ್ಟೆಯನ್ನು ಬೆರಳಲ್ಲಿ ತೀಡಿ, “ಏನ್ ಕೈಯೋ ಮಾರಾಯಾ ನಿಂದು, ಒಂದ ಎಳಿ ಹಿಂದಮುಂದ ಆಗಿಲ್ಲ” ಎಂದು ಹೊಗಳಿದ.

ಇನ್ನೊಂದೂ ಆಯಿತು. ನರಗುಂದ ಬಿಟ್ಟ ಮೇಲೆ ಪ್ರಭುಲಿಂಗಪ್ಪ ನಿದ್ದೆಯಲ್ಲಿ ತಮ್ಮನ ಹೆಸರು ಕೂಗಿ ಎದ್ದು ಕೂಡುತ್ತಿದ್ದ. ನೀಲವ್ವ ಬೆನ್ನು ಸವರಿ ಮಲಗಿಸಬೇಕಾಗುತ್ತಿತ್ತು. ಅದು ನಿಂತುಹೋಯಿತು. ಅವಳು ಕಲ್ಮೇಶ್ವರನಿಗೆ ಕೈಮುಗಿದಳು.

ಒಂದು ಸಂಜೆ ಒಲೆಯ ಮುಂದೆ ಅವನು ಉಣ್ಣಲು ಕೂತಿದ್ದ. ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಮಾಂಸ ಸುಟ್ಟ ವಾಸನೆ ಬಂತು. ಒಲೆಯಲ್ಲಿ ನೋಡಿದಳು, ಕೆಂಡದಲ್ಲಿ ನೋಡಿದಳು. ಕಡೆಗೆ ಗಂಡನ ಕಾಲು ನೋಡಿದಳು. ಸಿಡಿದು ಬಿದ್ದ ಕೆಂಡವೊಂದು ಅವನ ಪಾದದ ಅಡಿ ಸಿಕ್ಕು ಹೊಗೆಯಾಡುತ್ತಿತ್ತು. ಅವನು ರೊಟ್ಟಿ ಮುರಿಯುತ್ತಿದ್ದ.

ಅವಳು ಚೀರಿ ಕಾಲೆಳೆದಳು. ತೊಗಲು ಕೆಂಡಕ್ಕೆ ಅಂಟಿಕೊಂಡು ಬಂತು.

“ನೋಯಲಿಲ್ಲೇನ್ರಿ? ನಿಮಗ ಗೊತ್ತಾಗಲಿಲ್ಲೇನ್ರಿ?”

“ಇಲ್ಲ,” ಎಂದ. ಸುಟ್ಟ ಜಾಗವನ್ನು ಬೇರೆಯವರ ಕಾಲನ್ನು ನೋಡುವಂತೆ ನೋಡಿದ. “ಪಲ್ಲೆ ಹಾಕು.”

ಪಲ್ಲೆ ಇಳಿಸುವಾಗ ಅವಳು ಗಾಬರಿಯಲ್ಲಿ ಮತ್ತೊಂದು ಸಲ ಉಪ್ಪು ಹಾಕಿದಳು. ಅವನು ಪೂರ್ತಿ ಉಂಡ.

ಅಂದಿನಿಂದ ಅವಳು ಅವನನ್ನು ಪರೀಕ್ಷಿಸತೊಡಗಿದಳು. ಕೈ ಹಿಡಿದರೆ ಅವನು ತಿರುಗಿ ಹಿಡಿಯುತ್ತಿರಲಿಲ್ಲ. ಗುರುಸಂಗಪ್ಪನ ಮಾತು ತೆಗೆದಳು, ಅತ್ತಾನೇನೋ ಎಂದು. “ಹೌದು, ಗುಂಡು ಹೊಟ್ಟಿಗೆ ಬಡೀತು. ಭಾಳ ಹೊತ್ತು ನೀರ ಕೇಳಿದ,” ಎಂದ ಅವನು. ಮಗ್ಗದಲ್ಲಿ ಹರಿದ ಎಳೆಯ ಬಗ್ಗೆ ಹೇಳಿದಂತೆ ಹೇಳಿದ. ನೀಲವ್ವ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಒಳಗೆ ಮಗ್ಗದ ಸದ್ದು ನಿಲ್ಲಲಿಲ್ಲ.

ಎದುರಿನಿಂದ ಹುಚ್ಚವ್ವ ಬಂದು ಪಕ್ಕದಲ್ಲಿ ಕೂತಳು.

“ಆ ಜೋಮು ಎಲ್ಲೀತನಾ ಏರೈತಿ?”

“ಎದಿಮಟಾ ಬಂದೈತ್ರಿ. ಇಳಿಸೂದು ಹ್ಯಾಂಗರ ಐತೇನು? ಹೇಳ್ರಿ ಯವ್ವಾ. ಕಾಲ ಹಿಡೀತೀನಿ.”

ಮುದುಕಿ ಕಾಲು ಹಿಂದೆಳೆದುಕೊಂಡಳು. “ಅದನ್ನ ಹೇಳಬಾರದು. ಹೇಳಿದರ ಇನ್ನೊಂದ ಮನಿ ಹಾಳ,” ಎಂದಳು. ನೀಲವ್ವ ಕಾಲು ಬಿಡದಾಗ ಹೇಳಿದಳು: “ಕೈಯಾಗಿನ ಶಕ್ತಿ ಹೋದ ಮ್ಯಾಲ ಅದು ಯಾರನ್ನರ ಕರಸ್ತದ. ಮಾಟಾ ಹತ್ತಿದಾಂವ ಹೆಸರ ಹಿಡದ ಕರದಾಗ ಯಾರ ‘ಓ’ ಅಂತಾರೋ ಅವರ ಮೈಗೆ ಹೋಗತದ. ಯಾರೂ ಓಗೊಡಲಿಲ್ಲಂದ್ರ ಇವನ ಉಸರ ತಗೊಂಡು ಮುಗೀತದ. ಈ ಮನ್ಯಾಗ ಸತ್ತ ಆ ತಮ್ಮ ಕರದಾಗ ಯಾರೂ ಓಗೊಡಲಿಲ್ಲ.”

“ಹಂಗಾರ ಬ್ಯಾಡ,” ಎಂದಳು ನೀಲವ್ವ, ಕಣ್ಣೊರೆಸಿಕೊಂಡು. “ಯಾರ ಕೊರಳಿಗೂ ಕಟ್ಟೂದು ಬ್ಯಾಡ. ಪುರ್ತಗೇರಿ ನನ್ನ ತವರ. ಅಲ್ಲಿ ಸ್ವಾಮ್ಯಾರ ಅದಾರ, ವಿಭೂತಿ ಮಂತ್ರಿಸಿ ಕೊಡತಾರ. ಕರಕೊಂಡ ಹೋಗತೀನಿ.”

ಗೋಡೆಯಾಚೆ ಮಗ್ಗದಲ್ಲಿ ಕೂತಿದ್ದ ಪ್ರಭುಲಿಂಗಪ್ಪನಿಗೆ ಎಲ್ಲವೂ ಕೇಳಿಸಿತು. ಅವನಿಗೆ ಭಯವಾಗಲಿಲ್ಲ. ಆಸೆಯೂ ಆಗಲಿಲ್ಲ. ಕೇಳಿದ್ದು ಕಿವಿಯಲ್ಲಿ ಹೋಗಿ ಎಲ್ಲೋ ಒಂದು ಕಡೆ ಕೂತಿತು, ಅಷ್ಟೇ.

ಮರುದಿನ ಮಧ್ಯಾಹ್ನ ನೀಲವ್ವ ಬಂಡಿ ಕೇಳಲು ಮೆಹಬೂಬಸುಭಾನಿಯ ಮನೆಗೆ ಹೋದಳು. ಪ್ರಭುಲಿಂಗಪ್ಪ ಮಗ್ಗದಲ್ಲಿದ್ದ. ಒಂದು ಎಳೆ ಹರಿಯಿತು. ಕೂಡಿಸಲು ಹೋದ. ಬೆರಳು ಮಡಚಲಿಲ್ಲ. ಮತ್ತೆ ಹೋದ. ಬೆರಳುಗಳು ಮರದ ಚಕ್ಕೆಗಳಂತೆ ಎಳೆಯ ಮೇಲೆ ಬಿದ್ದು ಜಾರಿದವು. ಬಟ್ಟೆ ಅರ್ಧಕ್ಕೆ ನಿಂತಿತು. ಎಳೆ ಕೂಡಿಸಬೇಕು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಹೊರಗೆ ಕಳಕಪ್ಪನ ಹಾಡು ಕೇಳಿಸಿತು. ಹುಚ್ಚವ್ವ ಹೇಳಿದ್ದು ನೆನಪಿಗೆ ಬಂತು, ಒಂದೂ ಅಕ್ಷರ ಬಿಡದೆ. ಈ ಮನುಷ್ಯ ತನಗೆ ಅನ್ನ ಹಾಕಿದವನು ಎಂಬುದೂ ನೆನಪಿಗೆ ಬಂತು. ಎರಡು ನೆನಪೂ ಅಕ್ಕಪಕ್ಕ ಇದ್ದವು, ಒಂದು ಇನ್ನೊಂದಕ್ಕೆ ತಾಗಲಿಲ್ಲ.

“ಕಳಕಪ್ಪಾ,” ಎಂದು ಕರೆದ.

“ಓ! ಬಂದೆ ಬಂದೆ,” ಎಂದ ಕಳಕಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತ.

ಪ್ರಭುಲಿಂಗಪ್ಪನ ಪಾದ ಉರಿಯಿತು.

ಮೊದಲು ಅದು ಏನೆಂದು ತಿಳಿಯಲಿಲ್ಲ. ಉರಿ. ಬೆಂಕಿ. ಕೆಂಡ ತಿಂದ ಗಾಯ ಒಮ್ಮೆಲೇ ಬಾಯಿ ತೆರೆಯಿತು. ಬೆನ್ನು ಮುರಿಯಿತು. ಹಸಿವು ಕರುಳು ಹಿಂಡಿತು. ಗುರುಸಂಗಪ್ಪ ನೀರು ಕೇಳಿದ. ಅಣ್ಣಾ, ನೀರು. ಅಣ್ಣಾ. ಪ್ರಭುಲಿಂಗಪ್ಪ ಚೀರಿದ. ಕುಣಿಯಿಂದ ತೆವಳಿ ಹೊರಬಿದ್ದ. ನೆಲ ಒರಟಾಗಿತ್ತು. ನೆಲ ತಣ್ಣಗಿತ್ತು. ಅದು ಅಂಗೈಗೆ ಗೊತ್ತಾಗುತ್ತಿತ್ತು. ಅವನು ತಲೆಯೆತ್ತಿದ.

ಕಳಕಪ್ಪ ಅವನನ್ನು ದಾಟಿ ಹೋಗಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಹರಿದ ಎಳೆಯನ್ನು ಕೂಡಿಸುತ್ತಿದ್ದ. ಹಾಡುತ್ತಿರಲಿಲ್ಲ.

“ಎದ್ದೇಳೋ! ಹೊರಗ ಬಾರೋ ಕಳಕಪ್ಪಾ!”

“ಯಾಕ ಅಳತಿ?” ಎಂದ ಕಳಕಪ್ಪ, ಬಟ್ಟೆಯಿಂದ ಕಣ್ಣೆತ್ತದೆ. “ಎಳಿ ಹರದಿತ್ತು. ಕೂಡಿಸಿದೆ.”

ನೀಲವ್ವ ಮರಳಿ ಬಂದು ಬಾಗಿಲಲ್ಲಿ ನಿಂತಳು. ಅಳುತ್ತಿದ್ದ ಗಂಡನನ್ನು ಕಂಡಳು. ಅವನ ಅಳು ಕಂಡು ಅವಳ ಮುಖ ಅರಳಿತು. ಆಮೇಲೆ ಕುಣಿಯಲ್ಲಿ ಕೂತವನನ್ನು ಕಂಡಳು.

“ಕರದ್ರೇನು?” ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ.

ಕಳಕಪ್ಪನಿಗೆ ಮಾಟ ಅವಸರದಲ್ಲಿ ಏರಿತು. ಆದರೂ ಅವನು ದಿನಾಲು ಮುಂಜಾನೆ ಕೆಳಪೇಟೆಯಿಂದ ಊರು ದಾಟಿ ಬಂದು ಆ ಕುಣಿಯಲ್ಲೇ ಕೂಡುತ್ತಿದ್ದ. ಪ್ರಭುಲಿಂಗಪ್ಪ ಒಮ್ಮೆ ಮಗ್ಗ ಕಿತ್ತು, ಕುಣಿಗೆ ಮಣ್ಣು ತುಂಬಿದ. ಕಳಕಪ್ಪ ಬಂದು, ಏನೂ ಅನ್ನದೆ, ಬರಿಗೈಯಲ್ಲಿ ಮಣ್ಣು ತೋಡಿದ. ಉಗುರು ಕಿತ್ತು ರಕ್ತ ಬಂದರೂ ತೋಡುವುದು ನಿಲ್ಲಿಸಲಿಲ್ಲ. ನೀಲವ್ವ ನೋಡಲಾರದೆ, ಮಗ್ಗ ಮತ್ತೆ ಹೂಡಿಸಿದಳು. ಪುರ್ತಗೇರಿಯ ವಿಭೂತಿಯೂ ಬಂತು. ಹಣೆಗೆ ಹಚ್ಚಿದರು. ಅವನ ಹಣೆ ತಣ್ಣಗಿತ್ತು.

ಕಳಕಪ್ಪನ ತಾಯಿ ಮುದುಕವ್ವನಿಗೆ ಇವರು ಏನೂ ಹೇಳಲಿಲ್ಲ. ಹೇಳಲು ಹೋದ ದಿನ ಆಕೆ, “ನನ್ನ ಮಗಾ ಈಗ ಭಾಳ ಶಾಣ್ಯಾ ಆಗ್ಯಾನಪ್ಪಾ, ಮಾತ ಕಡಿಮಿ ಮಾಡ್ಯಾನ, ನಿನ್ನ ಸಂಗತಿಗೆ ಬಿದ್ದ ಮ್ಯಾಲ” ಎಂದು ಪ್ರಭುಲಿಂಗಪ್ಪನ ಕೈಗೆ ಬೆಲ್ಲ ಹಾಕಿದಳು. ಅವನು ಹಾಗೇ ಮರಳಿದ. ದಾರಿಯಲ್ಲಿ ಬೆಲ್ಲ ಬಾಯಿಗೆ ಹಾಕಿಕೊಂಡ. ಅಷ್ಟು ಸಿಹಿ ಅವನು ಜನ್ಮದಲ್ಲಿ ತಿಂದಿರಲಿಲ್ಲ. ಅಳುತ್ತಲೇ ತಿಂದ.

ಅವನು ಒಂದು ನಿರ್ಧಾರಕ್ಕೆ ಬಂದಿದ್ದ. ಕಳಕಪ್ಪನ ಕೈ ಸೋಲುವ ದಿನ ಬಂದೇ ಬರುತ್ತದೆ. ಆಗ ಅವನು ಯಾರನ್ನಾದರೂ ಕರೆಯುತ್ತಾನೆ. ಆ ಹೆಸರು ತನ್ನದೇ ಆಗಿರಬೇಕು. ಮುಂಜಾನೆಯಿಂದ ಸಂಜೆಯವರೆಗೂ ಅವನು ಕುಣಿಯ ಅಂಚಿನಲ್ಲಿ ಕೂತಿರುತ್ತಿದ್ದ. ಮನೆಗೆ ಬಂದವರನ್ನು ಬಾಗಿಲಿಂದಲೇ ಕಳಿಸುತ್ತಿದ್ದ. ಒಳಗಿನಿಂದ ಯಾರು ಕರೆದರೂ ಓಗೊಡಬಾರದೆಂದು ನೀಲವ್ವನಿಗೆ ಆಣೆ ಹಾಕಿದ್ದ.

“ನನ್ನ ಕರಿಯೋ,” ಎಂದು ಕಳಕಪ್ಪನನ್ನು ಬೇಡುತ್ತಿದ್ದ. “ಈಗ ಕರಿ. ಪ್ರಭೂ ಅನ್ನು. ನಾ ಓ ಅಂತೀನಿ. ತಿರಗಿ ತಗೋತೀನಿ.”

“ಯಾಕ ಕರೀಲಿ? ಎದುರಿಗೇ ಕುಂತೀಯಲ್ಲ,” ಎನ್ನುತ್ತಿದ್ದ ಕಳಕಪ್ಪ. ಇನ್ನೊಮ್ಮೆ ಹೇಳಿದ: “ಬ್ಯಾಡ ಬಿಡು. ಇದ ಚಲೋ ಐತಿ. ಏನೂ ನೋಯಂಗಿಲ್ಲ.”

ದಿನಗಳು ಹೋದವು. ಪ್ರಭುಲಿಂಗಪ್ಪನ ಕಾಲಿನ ಗಾಯ ಮಾಗಿತು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಅವನು ಹಿತ್ತಲಿಗೆ ಹೋಗಿ ನಿಂತ. ಹನಿಗಳು ಬೆನ್ನಿಗೆ ಬಿದ್ದವು. ಎರೆಮಣ್ಣು ಘಮ್ಮೆಂದಿತು. ನೀಲವ್ವ ಬಂದು ಪಕ್ಕದಲ್ಲಿ ನಿಂತಾಗ ಅವಳ ತೋಳು ಬೆಚ್ಚಗೆ ತಾಗಿತು. ಇದೆಲ್ಲ ಮತ್ತೆ ಹೋಗುತ್ತದೆ ಎಂದುಕೊಂಡ. ಅಂದು ಮೊದಲ ಬಾರಿ ಅವನಿಗೆ ಹೆದರಿಕೆಯಾಯಿತು. ಅದನ್ನು ಅವನು ಹೆಂಡತಿಗೆ ಹೇಳಲಿಲ್ಲ.

ಮೋಡ ಕವಿದು ನಡುಮನೆ ಕಪ್ಪಾಗಿದ್ದ ಒಂದು ಮಧ್ಯಾಹ್ನ ಮಗ್ಗದ ಸದ್ದು ನಿಂತಿತು.

ಎಳೆ ಹರಿದಿತ್ತು. ಕಳಕಪ್ಪ ಬೆರಳು ಚಾಚಿದ. ಬೆರಳು ಮಡಚಲಿಲ್ಲ. ಮತ್ತೆ ಚಾಚಿದ. ಪ್ರಭುಲಿಂಗಪ್ಪ ಎದ್ದು ಮೊಣಕಾಲೂರಿ ಕೂತ. ಅಡುಗೆಮನೆಯಲ್ಲಿ ಬಳೆ ಸದ್ದಾಯಿತು. ಆಮೇಲೆ ಅದೂ ನಿಂತಿತು.

ಕಳಕಪ್ಪ ತಲೆಯೆತ್ತಿ ಅವನನ್ನೇ ನೋಡಿದ.

“ಪ್ರಭೂ,” ಎಂದ.

ಬಾಯಿ ತೆರೆದ ಪ್ರಭುಲಿಂಗಪ್ಪ. ನಾಲಿಗೆ ಮೇಲೇಳಲಿಲ್ಲ. ಗಂಟಲಲ್ಲಿ ಆ ಒಂದಕ್ಷರ ಇತ್ತು. ಅಲ್ಲೇ ಇತ್ತು. ನೂಕಿದರೆ ಬರುತ್ತಿತ್ತು. ಅವನು ನೂಕಲಿಲ್ಲ. ಮಳೆಯ ವಾಸನೆ ಬರುತ್ತಿತ್ತು. ಅಂಗೈ ಬೆವರುತ್ತಿತ್ತು. ಹಲ್ಲು ಕಚ್ಚಿದ. ತುಟಿ ಕಚ್ಚಿದ. ರಕ್ತ ಉಪ್ಪಗಿತ್ತು.

“ಪ್ರಭೂ,” ಎಂದು ಕಳಕಪ್ಪ ಮತ್ತೆ ಕರೆದ. ಬೇಡುವ ದನಿಯಲ್ಲ. ಬೈಯುವ ದನಿಯೂ ಅಲ್ಲ.

ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಕಳಕಪ್ಪ ಸ್ವಲ್ಪ ಹೊತ್ತು ಕಾದ. “ಹೋಗ್ಲಿ ಬಿಡು,” ಎಂದ. ಬಟ್ಟೆಯ ಕಡೆ ತಿರುಗಿದ. ಅವನ ಬೆನ್ನು ನೆಟ್ಟಗೆ ಇತ್ತು. ಬೆನ್ನು ಮೇಲೇರಿ ಇಳಿಯುವುದು ಕಾಣುತ್ತಿತ್ತು. ಏರಿತು. ಇಳಿಯಿತು. ಏರಿತು. ಆಮೇಲೆ ಇಳಿದದ್ದು ಮತ್ತೆ ಏರಲಿಲ್ಲ.

ಮೆಹಬೂಬಸುಭಾನಿಯ ಬಂಡಿಯಲ್ಲೇ ಅವನನ್ನು ಕೆಳಪೇಟೆಗೆ ಒಯ್ದರು. ಕಾಲು ಬಿಡಿಸಲು ಬರಲಿಲ್ಲ, ಕೂತ ಭಂಗಿಯಲ್ಲೇ ಒಯ್ದರು. ಮೆಹಬೂಬಸುಭಾನಿ ದಾರಿಯುದ್ದಕ್ಕೂ ಎತ್ತುಗಳ ಬೆನ್ನನ್ನೇ ನೋಡುತ್ತಿದ್ದ. ಪ್ರಭುಲಿಂಗಪ್ಪ ಬಂಡಿಯ ಹಿಂದೆ ನಡೆದ. ಅವನ ಅಳು ಕಂಡು ಪೇಟೆಯ ಜನ, ಒಡಹುಟ್ಟಿದವರೂ ಇಷ್ಟು ಅಳಲಾರರು ಎಂದರು.

ಮಣ್ಣು ಕೊಟ್ಟು ಬಂದ ಮೇಲೆ ಮುದುಕವ್ವ ಅವನನ್ನು ಹತ್ತಿರ ಕರೆದು ಕೂಡಿಸಿಕೊಂಡಳು. ನೀಲವ್ವ ಕಂಬಕ್ಕೆ ಒರಗಿ ನಿಂತಿದ್ದಳು.

“ನೀ ಒಬ್ಬಾಂವರ ಹತ್ತಿರ ಇದ್ದಿ, ನನ್ನಪ್ಪಾ,” ಎಂದಳು ಮುದುಕವ್ವ, ಅವನ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು. ಆ ಕೈಗಳ ಬಿಸುಪು, ಒರಟು, ನಡುಕ ಎಲ್ಲವೂ ಅವನಿಗೆ ತಿಳಿಯುತ್ತಿತ್ತು. “ಕಡೀಕ ಏನರ ಅಂದನೇನು? ಯಾರನ್ನರ ಕರದನೇನು?”

ಪ್ರಭುಲಿಂಗಪ್ಪ ಹೆಂಡತಿಯ ಕಡೆ ನೋಡಿದ. ನೀಲವ್ವ ನೆಲ ನೋಡುತ್ತಿದ್ದಳು.

“ಇಲ್ಲ ಯವ್ವಾ,” ಎಂದ. “ಯಾರನ್ನೂ ಕರೀಲಿಲ್ಲ.”